ಅಪ್‌ಡೇಟ್ ಆಗಿದೆ, ರೀಬೂಟ್ ಆಮೇಲೆ ನೋಡೋಣ

ಉಬುಂಟು ಸರ್ವರಿಗೆ ಲಾಗಿನ್ ಆದಾಗ ಪರದೆಯ ಮೇಲೆ ಒಂದು ಸಾಲು ಬರುತ್ತದೆ. ಎಡಕ್ಕೆ ಮೂರು ನಕ್ಷತ್ರ, ಬಲಕ್ಕೆ ಮೂರು ನಕ್ಷತ್ರ, ನಡುವೆ ‘ಸಿಸ್ಟಮ್ ರೀಸ್ಟಾರ್ಟ್ ರಿಕ್ವೈರ್ಡ್’. ಸರ್ವರ್ ನೋಡಿಕೊಳ್ಳುವವರಲ್ಲಿ ಈ ಸಾಲನ್ನು ನೋಡದವರಿಲ್ಲ. ನೋಡಿ ನೋಡಿ ಅದು ಕಣ್ಣಿಗೆ ಬೀಳುವುದೇ ನಿಂತುಹೋಗಿರುತ್ತದೆ. ಇವತ್ತು ಟ್ರಾಫಿಕ್ ಜಾಸ್ತಿ, ನಾಳೆ ತಿಂಗಳ ಕೊನೆ, ನಾಡಿದ್ದು ಸಂಬಳದ ಬ್ಯಾಚ್ ಓಡಬೇಕು, ಮುಂದಿನ ವಾರ ದಸರಾ, ಯಾರೂ ಊರಲ್ಲಿರುವುದಿಲ್ಲ. ನೆಪಗಳಿಗೆ ಬರವಿಲ್ಲ. ಸಾಲು ಅಲ್ಲೇ ಇರುತ್ತದೆ, ಟಿಕೆಟ್ ಮಾತ್ರ ಕ್ಲೋಸ್ ಆಗಿರುತ್ತದೆ. ಷರಾದಲ್ಲಿ ‘ಪ್ಯಾಚಿಂಗ್ ಮುಗಿದಿದೆ’ ಎಂದು ಬರೆದಿರುತ್ತದೆ.

ಮುಗಿದಿಲ್ಲ. ರೀಬೂಟ್ ಬೇಕು ಎಂದು ಯಂತ್ರವೇ ಬಾಯಿ ಬಿಟ್ಟು ಹೇಳುತ್ತಿರುವಾಗ ಕೆಲಸ ಮುಗಿಯಿತು ಎಂದು ಬರೆಯುವುದಕ್ಕೆ ಸುಳ್ಳು ವರದಿ ಎನ್ನುತ್ತಾರೆ. ಬ್ಯಾಂಕಿನ ಗುಮಾಸ್ತ ಲೆಕ್ಕದ ಪುಸ್ತಕದಲ್ಲಿ ಹೀಗೆ ಬರೆದರೆ ಅಮಾನತಾಗುತ್ತಾನೆ. ನಮ್ಮ ಐಟಿ ಕಚೇರಿಗಳಲ್ಲಿ ಹೀಗೆ ಬರೆದವನಿಗೆ ತಿಂಗಳ ಕೊನೆಯಲ್ಲಿ ಹಸಿರು ಬಣ್ಣದ ಡ್ಯಾಶ್‌ಬೋರ್ಡ್ ಸಿಗುತ್ತದೆ.

ಅಪ್‌ಡೇಟ್ ಎಂದರೆ ಏನಾಗುತ್ತದೆ ಎಂಬುದನ್ನೇ ಹಲವರು ಸರಿಯಾಗಿ ತಿಳಿದುಕೊಂಡಿಲ್ಲ. ಲಿನಕ್ಸ್‌ನಲ್ಲಿ ಪ್ಯಾಕೇಜ್ ಅಪ್‌ಡೇಟ್ ಮಾಡಿದಾಗ ಬದಲಾಗುವುದು ಡಿಸ್ಕಿನ ಮೇಲಿರುವ ಫೈಲು. ಆಗಲೇ ಓಡುತ್ತಿರುವ ಪ್ರೋಗ್ರಾಮು ಹಳೆಯ ಫೈಲನ್ನು ಮೆಮೊರಿಗೆ ತಂದುಕೊಂಡು ಹಿಡಿದು ಕೂತಿರುತ್ತದೆ. ಫೈಲಿನ ಹೆಸರು ಹೊಸದಕ್ಕೆ ಹೋಗುತ್ತದೆ, ಹಳೆಯದು ಹೆಸರಿಲ್ಲದೆಯೇ ಬದುಕಿರುತ್ತದೆ. ಅದನ್ನು ಹಿಡಿದಿರುವ ಕೊನೆಯ ಪ್ರೋಗ್ರಾಮು ಕೈಬಿಡುವ ತನಕ ಅದು ಸಾಯುವುದಿಲ್ಲ. ನಂಬಿಕೆ ಬರದಿದ್ದರೆ, ವೆಬ್ ಸರ್ವರ್ ಓಡುತ್ತಿರುವ ಯಂತ್ರದಲ್ಲಿ ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ಅಪ್‌ಡೇಟ್ ಮಾಡಿ, ಆಮೇಲೆ ‘ಪ್ರಾಕ್’ ಡೈರೆಕ್ಟರಿಯೊಳಗೆ ಆ ವೆಬ್ ಸರ್ವರಿನ ಪ್ರೊಸೆಸ್ ಸಂಖ್ಯೆ ಹುಡುಕಿ, ಅದರ ‘ಮ್ಯಾಪ್ಸ್’ ಫೈಲನ್ನು ತೆರೆದು ನೋಡಿ. ಹಳೆಯ ಲೈಬ್ರರಿಯ ಹೆಸರಿನ ಮುಂದೆ ಕಂಸದೊಳಗೆ ‘ಡಿಲೀಟೆಡ್’ ಎಂದಿರುತ್ತದೆ. ಡಿಸ್ಕಿನಲ್ಲಿ ಅಳಿಸಿಹೋದ, ತೂತು ಬಿದ್ದ ಅದೇ ಲೈಬ್ರರಿ ಈ ಕ್ಷಣದಲ್ಲೂ ನಿಮ್ಮ ಗ್ರಾಹಕರ ಪಾಸ್‌ವರ್ಡ್‌ಗಳನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಿದೆ.

2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಜಗತ್ತು ಕಲಿತ ಪಾಠ ಇದೇ. ಓಪನ್‌ಎಸ್‌ಎಸ್‌ಎಲ್ 1.0.1ರಿಂದ 1.0.1ಎಫ್‌ವರೆಗಿನ ಆವೃತ್ತಿಗಳಲ್ಲಿ, ದೂರದಲ್ಲಿ ಕೂತ ಯಾರು ಬೇಕಾದರೂ ಒಂದು ವಿನಂತಿಗೆ 64 ಕಿಲೋಬೈಟ್‌ವರೆಗೆ ಸರ್ವರಿನ ಮೆಮೊರಿಯನ್ನು ಎಳೆದುಕೊಳ್ಳಬಹುದಿತ್ತು. 1.0.1ಜಿ ಬಂತು, ಬಹಳ ಮಂದಿ ಹಾಕಿಕೊಂಡರು. ಆದರೆ ವೆಬ್ ಸರ್ವರ್, ಮೇಲ್ ಸರ್ವರ್, ವಿಪಿಎನ್‌ಗಳನ್ನು ರೀಸ್ಟಾರ್ಟ್ ಮಾಡದವರ ಮನೆಯಲ್ಲಿ ಸೋರಿಕೆ ಸೋರುತ್ತಲೇ ಇತ್ತು. ಪ್ಯಾಕೇಜಿನ ಆವೃತ್ತಿ ಕೇಳಿದರೆ ಹೊಸ ಸಂಖ್ಯೆ ಬರುತ್ತಿತ್ತು. ಆ ಸಂಖ್ಯೆಯನ್ನು ನೋಡಿ ನೆಮ್ಮದಿಯಿಂದ ಮಲಗಿದವರು ಕಣ್ಣಿದ್ದೂ ಕುರುಡರು.

ಕರ್ನೆಲ್ ವಿಷಯವಂತೂ ಇನ್ನೂ ನೇರ. ‘ಬೂಟ್’ ಡೈರೆಕ್ಟರಿಯಲ್ಲಿ ಹೊಸ ಕರ್ನೆಲ್ ಬಂದು ಕೂತಿರುತ್ತದೆ. ‘ಯುನೇಮ್ -ಆರ್’ ಎಂದು ಕೇಳಿದರೆ ಹಳೆಯದರ ಸಂಖ್ಯೆಯೇ ಬರುತ್ತದೆ. ಕೆಲವು ಸರ್ವರುಗಳಲ್ಲಿ ಒಂದರ ಮೇಲೊಂದು ನಾಲ್ಕೈದು ಕರ್ನೆಲ್‌ಗಳು ಬಂದು ಬಿದ್ದಿರುತ್ತವೆ, ಒಂದೂ ಒಂದು ದಿನ ಓಡಿರುವುದಿಲ್ಲ. ಕೊನೆಗೆ ಆ ಸಣ್ಣ ವಿಭಾಗದಲ್ಲಿ ಜಾಗ ತುಂಬಿ ಮುಂದಿನ ಅಪ್‌ಡೇಟೇ ಅರ್ಧಕ್ಕೆ ನಿಲ್ಲುತ್ತದೆ. 2016ರ ಅಕ್ಟೋಬರಿನಲ್ಲಿ ಡರ್ಟಿ ಕೌ ಎಂಬ ದೋಷ ಹೊರಬಿತ್ತು. 2007ರಿಂದ ಕರ್ನೆಲ್ಲಿನಲ್ಲಿ ಅಡಗಿದ್ದ ಅದು ಸಾಮಾನ್ಯ ಬಳಕೆದಾರನನ್ನು ರೂಟ್ ಮಾಡಿಬಿಡುತ್ತಿತ್ತು. ಬಯಲಾಗುವ ಹೊತ್ತಿಗೆ ದಾಳಿಕೋರರು ಅದನ್ನು ಬಳಸುತ್ತಲೂ ಇದ್ದರು. 2022ರ ಮಾರ್ಚಿನಲ್ಲಿ ಡರ್ಟಿ ಪೈಪ್ ಬಂತು, ಪರಿಣಾಮ ಅದೇ. ಎರಡಕ್ಕೂ ಮದ್ದು ಹೊಸ ಕರ್ನೆಲ್. ಹೊಸ ಕರ್ನೆಲ್ ಕೆಲಸಕ್ಕೆ ಬರಬೇಕಾದರೆ ಯಂತ್ರ ಒಮ್ಮೆ ಮಲಗಿ ಏಳಬೇಕು.

ವಿಂಡೋಸ್ ನೋಡಿಕೊಳ್ಳುವವರು ಇಲ್ಲಿ ನಗುವ ಹಾಗಿಲ್ಲ. ಎಂಎಸ್17-010 ಎಂಬ ಪ್ಯಾಚನ್ನು ಮೈಕ್ರೋಸಾಫ್ಟ್ ಹೊರಬಿಟ್ಟದ್ದು 2017ರ ಮಾರ್ಚ್ 14ರಂದು. ವಾನ್ನಾಕ್ರೈ ಹುಳು ದಾಳಿ ಇಟ್ಟದ್ದು ಮೇ 12ರಂದು. ನಡುವೆ ಹತ್ತಿರ ಹತ್ತಿರ ಎರಡು ತಿಂಗಳು. ಆ ಪ್ಯಾಚು ಜಾರಿಗೆ ಬರಲು ರೀಸ್ಟಾರ್ಟ್ ಬೇಕಿತ್ತು. ಪ್ಯಾಚ್ ಇಳಿಸಿಕೊಂಡು ‘ಪೆಂಡಿಂಗ್ ರೀಸ್ಟಾರ್ಟ್’ ಎಂದು ಕೂತ ಯಂತ್ರವೂ, ಪ್ಯಾಚನ್ನೇ ಮುಟ್ಟದ ಯಂತ್ರವೂ ಆ ಹುಳುವಿಗೆ ಒಂದೇ.

‘ನಮ್ಮಲ್ಲಿ ಎಲ್ಲಾ ಆಟೋಮ್ಯಾಟಿಕ್’ ಎನ್ನುವವರು ಮತ್ತೊಂದು ಗುಂಪು. ಉಬುಂಟುವಿನ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಭದ್ರತಾ ಪ್ಯಾಚುಗಳನ್ನು ತಾನಾಗಿಯೇ ಹಾಕುತ್ತದೆ, ನಿಜ. ಆದರೆ ಅದರ ಸಂರಚನೆಯಲ್ಲಿ ‘ಆಟೋಮ್ಯಾಟಿಕ್-ರೀಬೂಟ್’ ಎಂಬ ಸಾಲು ಮೂಲತಃ ‘ಫಾಲ್ಸ್’ ಎಂದಿರುತ್ತದೆ. ಆ ಫೈಲನ್ನು ತೆರೆದು ಓದದೆ ಆಟೋಮ್ಯಾಟಿಕ್ ಎಂದು ಎದೆ ತಟ್ಟಿಕೊಳ್ಳುವವರ ಸರ್ವರಿನಲ್ಲಿ ತಿಂಗಳುಗಟ್ಟಲೆ ಪ್ಯಾಚುಗಳು ಡಿಸ್ಕಿಗೆ ಬಂದು ಬೀಳುತ್ತವೆ, ಕರ್ನೆಲ್ ಮಾತ್ರ ಹಳೆಯದೇ ಓಡುತ್ತದೆ. ಇನ್ನು ‘ಲೈವ್‌ಪ್ಯಾಚ್ ಇದೆಯಲ್ಲ’ ಎನ್ನುವವರು. ಓಡುತ್ತಿರುವ ಕರ್ನೆಲ್ಲಿಗೇ ತೇಪೆ ಹಾಕುವ ಈ ವಿದ್ಯೆ ದೊಡ್ಡದು. 2015ರಲ್ಲಿ ಬಂದ ಲಿನಕ್ಸ್ 4.0ರಿಂದ ಅದಕ್ಕೆ ಕರ್ನೆಲ್ಲಿನಲ್ಲೇ ತಳಪಾಯವಿದೆ. ಆದರೆ ಅದು ಕರ್ನೆಲ್ಲಿನ ಆಯ್ದ ದೋಷಗಳನ್ನು ಮಾತ್ರ ಮುಚ್ಚುತ್ತದೆ. ಹೆಚ್ಚಿನ ಪ್ರೋಗ್ರಾಮುಗಳು ಬಳಸುವ ಮೂಲ ಲೈಬ್ರರಿ ಜಿಲಿಬ್‌ಸಿ ಅದರ ವ್ಯಾಪ್ತಿಗೆ ಬರುವುದಿಲ್ಲ, ಫರ್ಮ್‌ವೇರ್ ಬರುವುದಿಲ್ಲ. ಕರ್ನೆಲ್ಲಿನ ಪ್ರತಿ ಆವೃತ್ತಿಗೂ ಅದರ ಬೆಂಬಲಕ್ಕೆ ಒಂದು ಗಡುವು ಇರುತ್ತದೆ. ಲೈವ್‌ಪ್ಯಾಚ್ ನಿಮಗೆ ಕೊಡುವುದು ಸ್ವಲ್ಪ ಕಾಲದ ಬಿಡುವು. ಅದನ್ನು ವಿನಾಯಿತಿ ಎಂದು ತಿಳಿದವರು ಮೋಸ ಹೋಗುತ್ತಾರೆ.

ಈ ಉದಾಸೀನಕ್ಕೆ ಒಂದು ಹೆಮ್ಮೆಯ ಮುಖವೂ ಇದೆ. ‘ಅಪ್‌ಟೈಮ್’ ಎಂದು ಟೈಪ್ ಮಾಡಿ, ಸರ್ವರ್ ಎರಡು ವರ್ಷದಿಂದ ಒಮ್ಮೆಯೂ ಕೆಳಗಿಳಿದಿಲ್ಲ ಎಂಬ ಸಾಲನ್ನು ಸ್ಕ್ರೀನ್‌ಶಾಟ್ ತೆಗೆದು ಹಂಚುವವರಿದ್ದಾರೆ. ಒಂದು ಕಾಲದಲ್ಲಿ ಇದು ಯುನಿಕ್ಸ್ ಮಂದಿಯ ಬಿರುದಾಗಿತ್ತು, ಒಪ್ಪೋಣ. ಇಂದು ಆ ಸಂಖ್ಯೆ ಹೇಳುವುದು ಇಷ್ಟೇ: ಎರಡು ವರ್ಷದಲ್ಲಿ ಬಂದ ಒಂದೇ ಒಂದು ಕರ್ನೆಲ್ ಪ್ಯಾಚೂ ಈ ಯಂತ್ರದಲ್ಲಿ ಪೂರ್ತಿ ಜಾರಿಗೆ ಬಂದಿಲ್ಲ. ಆ ಸ್ಕ್ರೀನ್‌ಶಾಟನ್ನು ದಾಳಿಕೋರನೂ ಓದಬಲ್ಲ.

ಅದೂ ಅಲ್ಲದೆ, ನಿಲ್ಲದೆ ಓಡುವುದೇ ಒಂದು ಅಪಾಯ. ವಿಂಡೋಸ್ 95 ಮತ್ತು 98 ಮಿಲಿಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತಿದ್ದುದರಿಂದ 49.7 ದಿನಕ್ಕೆ ಎಣಿಕೆ ತುಂಬಿ ಯಂತ್ರ ಹೆಪ್ಪುಗಟ್ಟುತ್ತಿತ್ತು. ಲಿನಕ್ಸ್ 2.6.32 ಕರ್ನೆಲ್ಲಿನ ಕೆಲವು ಆವೃತ್ತಿಗಳು 208 ದಿನ ದಾಟಿದ ಮೇಲೆ ಕುಸಿಯುತ್ತಿದ್ದವು. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಬೋಯಿಂಗ್ 787 ವಿಮಾನಗಳಿಗೆ ಒಂದು ಕಡ್ಡಾಯ ಸೂಚನೆ ಹೊರಡಿಸಿತು: 248 ದಿನ ಸತತ ವಿದ್ಯುತ್ತಿನಲ್ಲಿದ್ದರೆ ಜನರೇಟರ್ ನಿಯಂತ್ರಕಗಳು ಒಟ್ಟಿಗೇ ಕೈಕೊಡಬಹುದು, ಆದ್ದರಿಂದ ಆಗಾಗ ವಿದ್ಯುತ್ ತೆಗೆದು ಹಾಕಿ.

ಇವೆಲ್ಲಕ್ಕಿಂತ ಕಹಿಯಾದ ಪ್ರಸಂಗ ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ನಡೆದದ್ದು. ಕೊಲ್ಲಿ ಯುದ್ಧದ ಸಮಯ. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಕಂಪ್ಯೂಟರ್ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಅದನ್ನು ಸೆಕೆಂಡಿಗೆ ಪರಿವರ್ತಿಸುವಾಗ ಕೂದಲೆಳೆಯಷ್ಟು ತಪ್ಪಾಗುತ್ತಿತ್ತು, ಯಂತ್ರ ಓಡಿದಷ್ಟೂ ಆ ತಪ್ಪು ಬೆಳೆಯುತ್ತಿತ್ತು. ಎಂಟು ಗಂಟೆ ಓಡಿದರೆ ಗುರಿ ಸರಿಯುತ್ತದೆ ಎಂದು ಅದೇ ವ್ಯವಸ್ಥೆ ಬಳಸುತ್ತಿದ್ದ ಇಸ್ರೇಲಿನವರು 1991ರ ಫೆಬ್ರುವರಿ 11ರಂದೇ ತಿಳಿಸಿದ್ದರು. ತಿದ್ದಿದ ಸಾಫ್ಟ್‌ವೇರ್ ಸಿದ್ಧವಾಯಿತು. ‘ಬಹಳ ಹೊತ್ತು’ ಓಡಿಸಿದರೆ ಗುರಿ ತಪ್ಪಬಹುದು ಎಂಬ ಸಂದೇಶವೂ ಬಳಕೆದಾರರಿಗೆ ಹೋಯಿತು. ಬಹಳ ಹೊತ್ತು ಎಂದರೆ ಎಷ್ಟು ಗಂಟೆ ಎಂದು ಯಾರೂ ಬರೆಯಲಿಲ್ಲ. ಫೆಬ್ರುವರಿ 25ರಂದು ಧಹ್ರಾನ್‌ನ ಆ ವ್ಯವಸ್ಥೆ 100 ಗಂಟೆಗೂ ಮೀರಿ ಸತತವಾಗಿ ಓಡುತ್ತಿತ್ತು. ಗಡಿಯಾರ ಒಂದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪಿತ್ತು. ಬಂದ ಸ್ಕಡ್ ಕ್ಷಿಪಣಿಯನ್ನು ಅದು ಆಕಾಶದ ತಪ್ಪು ಜಾಗದಲ್ಲಿ ಹುಡುಕಿತು. ಬ್ಯಾರಕ್ಕಿನಲ್ಲಿದ್ದ 28 ಸೈನಿಕರು ಸತ್ತರು. ತಿದ್ದಿದ ಸಾಫ್ಟ್‌ವೇರ್ ಧಹ್ರಾನ್ ತಲುಪಿದ್ದು ಮಾರನೆಯ ದಿನ. ಅಲ್ಲಿಯ ತನಕ ಆಗಾಗ ಒಂದು ರೀಬೂಟ್ ಮಾಡಿದ್ದರೂ ಗಡಿಯಾರ ಸೊನ್ನೆಯಿಂದ ಶುರುವಾಗಿ ತಪ್ಪು ಬೆಳೆಯುತ್ತಿರಲಿಲ್ಲ.

ನಿಮ್ಮ ಸರ್ವರಿನಿಂದ ಯಾರೂ ಸಾಯಲಿಕ್ಕಿಲ್ಲ. ಆದರೆ ಆ ಸಂದೇಶದಲ್ಲಿದ್ದ ತಪ್ಪೇ ನಿಮ್ಮ ಟಿಕೆಟ್ಟಿನಲ್ಲೂ ಇದೆ. ‘ಮುಂದಿನ ಮೇಂಟೆನೆನ್ಸ್ ವಿಂಡೋದಲ್ಲಿ ರೀಬೂಟ್ ಮಾಡಲಾಗುವುದು.’ ಯಾವ ವಿಂಡೋ? ಯಾವ ದಿನ, ಎಷ್ಟು ಗಂಟೆಗೆ, ಯಾರು? ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಒಂದು ಕಾಲಕ್ಕೆ ದೆವ್ವ ಒಳಗೆ ಬರದಿರಲೆಂದು ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ಸರಿಹೋಯಿತು. ನಿಮ್ಮ ಟಿಕೆಟ್ಟು ಓದಿ ವಾಪಸು ಹೋಗುವ ಹ್ಯಾಕರ್ ಇನ್ನೂ ಹುಟ್ಟಿಲ್ಲ.

ರೀಬೂಟ್ ಮುಂದಕ್ಕೆ ಹಾಕುವುದಕ್ಕೆ ಸಮಯವಿಲ್ಲದ್ದು ಕಾರಣವಲ್ಲ. ಕಾರಣ ಹೆದರಿಕೆ. ‘ಮತ್ತೆ ಮೇಲೆ ಬರದಿದ್ದರೆ?’ ಈ ಪ್ರಶ್ನೆ ಬಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತಾರೆ. ಸುಮ್ಮನಾಗಬಾರದು. ಯಾಕೆ ಬರುವುದಿಲ್ಲ ಎಂದು ಕೇಳಬೇಕು. ಕೇಳಿದರೆ ಒಂದೊಂದಾಗಿ ಹೊರಬೀಳುತ್ತವೆ. ಅಪ್ಲಿಕೇಶನ್ ಸರ್ವಿಸ್ ಆಗಿ ಓಡುತ್ತಿಲ್ಲ. ಕಂಪನಿ ಬಿಟ್ಟುಹೋದ ಹುಡುಗನೊಬ್ಬ ಸ್ಕ್ರೀನ್ ಸೆಷನ್ನಿನಲ್ಲಿ ಕೈಯಾರೆ ಶುರು ಮಾಡಿದ್ದು ಇನ್ನೂ ಅಲ್ಲೇ ಓಡುತ್ತಿದೆ. ಡೇಟಾಬೇಸನ್ನು ‘ಸ್ಟಾರ್ಟ್’ ಮಾಡಿದ್ದಾರೆ, ‘ಎನೇಬಲ್’ ಮಾಡಿಲ್ಲ. ಫೈರ್‌ವಾಲ್ ನಿಯಮಗಳನ್ನು ಯಾರೋ ರಾತ್ರಿ ಟೈಪ್ ಮಾಡಿದ್ದು ಯಾವ ಫೈಲಿನಲ್ಲೂ ಉಳಿಸಿಲ್ಲ. ಎರಡನೆಯ ಐಪಿ ವಿಳಾಸವೂ ಹಾಗೆಯೇ. ‘ಎಫ್‌ಎಸ್‌ಟ್ಯಾಬ್’ನಲ್ಲಿ ಎಂದೋ ಕಳಚಿ ಒಯ್ದ ಡಿಸ್ಕಿನ ಸಾಲು ಇನ್ನೂ ಇದೆ, ಅದರ ಪಕ್ಕದಲ್ಲಿ ‘ನೋಫೇಲ್’ ಇಲ್ಲ. ಬೂಟ್ ಆಗುವಾಗ ಯಂತ್ರ ಆ ಡಿಸ್ಕಿಗೆ ಕಾದು ಕಾದು ಎಮರ್ಜೆನ್ಸಿ ಮೋಡಿಗೆ ಬೀಳುತ್ತದೆ. ಎನ್‌ಕ್ರಿಪ್ಟ್ ಆದ ಡಿಸ್ಕಿನ ಪಾಸ್‌ಫ್ರೇಸ್ ಕನ್ಸೋಲಿನಲ್ಲಿ ಕೂತು ಟೈಪ್ ಮಾಡಬೇಕು, ಅದನ್ನು ಬಲ್ಲ ಒಬ್ಬರೇ ಒಬ್ಬರು ರಜೆಯಲ್ಲಿದ್ದಾರೆ.

ಇವುಗಳಲ್ಲಿ ಒಂದನ್ನೂ ರೀಬೂಟ್ ಹುಟ್ಟಿಸಲಿಲ್ಲ. ಎಲ್ಲವೂ ಆಗಲೇ ಅಲ್ಲಿದ್ದವು. ನಡುರಾತ್ರಿ ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟರೆ, ಹೋಸ್ಟ್ ಯಂತ್ರ ಕೆಟ್ಟರೆ, ಇವೆಲ್ಲವೂ ಒಟ್ಟಿಗೆ, ನೀವು ಆರಿಸದ ಗಳಿಗೆಯಲ್ಲಿ ಎದುರಿಗೆ ನಿಲ್ಲುತ್ತವೆ. ರೀಬೂಟಿಗೆ ಹೆದರುವ ಸರ್ವರ್ ಕೆಟ್ಟುಹೋಗಿರುವ ಸರ್ವರ್. ಕೆಟ್ಟಿದ್ದು ಗೊತ್ತಾಗುವ ದಿನ ಮಾತ್ರ ಇನ್ನೂ ಬಂದಿಲ್ಲ.

ಹಾಗೆಂದು ಎಲ್ಲದಕ್ಕೂ ರೀಬೂಟ್ ಒತ್ತುವವರನ್ನೂ ಹೊಗಳುವಂತಿಲ್ಲ. ಅವರದೂ ಸೋಮಾರಿತನವೇ, ಬಣ್ಣ ಬೇರೆ. 2021ರ ಜನವರಿಯಲ್ಲಿ ಸುಡೋದಲ್ಲಿ ಹತ್ತು ವರ್ಷದ ಹಳೆಯ ದೋಷ ಸಿಕ್ಕಿತು. 2022ರ ಜನವರಿಯಲ್ಲಿ ಪಿಕೆಎಕ್ಸೆಕ್‌ನಲ್ಲಿ ಇನ್ನೊಂದು. ಎರಡೂ ಭಯಂಕರ, ಎರಡಕ್ಕೂ ರೀಬೂಟ್ ಬೇಕಿರಲಿಲ್ಲ. ಆ ಕಮಾಂಡುಗಳು ಕರೆದಾಗಲೆಲ್ಲ ಡಿಸ್ಕಿನಿಂದ ಹೊಸದಾಗಿ ಏಳುತ್ತವೆ, ಪ್ಯಾಕೇಜ್ ಬದಲಾದ ಕೂಡಲೇ ಮದ್ದು ಸಂದಾಯ. ಇಂಥದ್ದಕ್ಕೆ ಹಗಲು ಹೊತ್ತಿನಲ್ಲಿ ಬಿಲ್ಲಿಂಗ್ ಸರ್ವರ್ ಕೆಡವುವುದು ವಿವೇಕವಲ್ಲ. ಮೆಮೊರಿ ಸೋರುವ ಅಪ್ಲಿಕೇಶನ್ ಇದೆ ಎಂದು ದಿನಾ ಬೆಳಗಿನ ಜಾವ ಕ್ರಾನ್‌ನಲ್ಲಿ ರೀಬೂಟ್ ಹಾಕಿಟ್ಟು ಕೈತೊಳೆದುಕೊಳ್ಳುವುದಂತೂ ಇನ್ನೂ ಕೆಟ್ಟದ್ದು. ಸೋರಿಕೆಯ ಜೊತೆಗೆ ಅದರ ಸಾಕ್ಷಿಯನ್ನೂ ಅದು ದಿನಾ ಅಳಿಸುತ್ತದೆ. ದಾಳಿಯಾಗಿದೆ ಎಂಬ ಅನುಮಾನ ಬಂದ ಯಂತ್ರವನ್ನು ಗಾಬರಿಯಲ್ಲಿ ರೀಬೂಟ್ ಮಾಡಿದರೂ ಅಷ್ಟೆ, ಮೆಮೊರಿಯಲ್ಲಿದ್ದ ಕುರುಹೆಲ್ಲ ಹೋಯಿತು.

ನೋಡದೆ ಬೇಡ ಎನ್ನುವವನೂ ನೋಡದೆ ಒತ್ತುವವನೂ ಮಾಡುವ ತಪ್ಪು ಒಂದೇ. ನೋಡುವುದು ಕಷ್ಟವೇನಲ್ಲ. ಉಬುಂಟುವಿನಲ್ಲಿ ‘ರೀಬೂಟ್-ರಿಕ್ವೈರ್ಡ್’ ಎಂಬ ಫೈಲು ‘ವಾರ್ ರನ್’ ಡೈರೆಕ್ಟರಿಯಲ್ಲಿ ಹುಟ್ಟಿಕೊಳ್ಳುತ್ತದೆ. ಪಕ್ಕದಲ್ಲೇ ‘ಪಿಕೆಜಿಎಸ್’ ಬಾಲದ ಇನ್ನೊಂದು ಫೈಲು, ರೀಬೂಟ್ ಬೇಡುತ್ತಿರುವ ಪ್ಯಾಕೇಜುಗಳ ಪಟ್ಟಿ ಹಿಡಿದಿರುತ್ತದೆ. ರೆಡ್ ಹ್ಯಾಟ್ ವಂಶದಲ್ಲಿ ‘ನೀಡ್ಸ್-ರೀಸ್ಟಾರ್ಟಿಂಗ್ -ಆರ್’ ಕೇಳಿದರೆ ಬೇಕು, ಬೇಡ ಎಂದು ನೇರ ಉತ್ತರ. ಸೂಸೆಯಲ್ಲಿ ‘ಝಿಪ್ಪರ್ ಪಿಎಸ್’, ಡೆಬಿಯನ್‌ನಲ್ಲಿ ‘ನೀಡ್‌ರೀಸ್ಟಾರ್ಟ್’. ತತ್ತ್ವ ಸರಳ. ಕರ್ನೆಲ್, ಜಿಲಿಬ್‌ಸಿ, ಡಿಬಸ್, ಸಿಪಿಯು ಮೈಕ್ರೋಕೋಡ್ ಬದಲಾದರೆ ರೀಬೂಟ್. ಜಿಲಿಬ್‌ಸಿಯನ್ನು ಬಳಸದ ಪ್ರೊಸೆಸ್ ಹುಡುಕುವುದಕ್ಕಿಂತ ಯಂತ್ರವನ್ನೇ ಏಳಿಸುವುದು ಸುಲಭ. ಓಪನ್‌ಎಸ್‌ಎಸ್‌ಎಲ್‌ನಂಥ ಲೈಬ್ರರಿ ಬದಲಾದರೆ ಅದನ್ನು ಹಿಡಿದ ಸರ್ವಿಸುಗಳಿಗೆ ರೀಸ್ಟಾರ್ಟ್ ಸಾಕು. ಬರೀ ಕಮಾಂಡ್ ಬದಲಾದರೆ ಏನೂ ಬೇಡ. ಇಷ್ಟನ್ನು ನೋಡಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕು. ಉಬುಂಟು 22.04ರಲ್ಲಂತೂ ಅಪ್‌ಗ್ರೇಡ್ ಕೊನೆಯಲ್ಲಿ ನೀಡ್‌ರೀಸ್ಟಾರ್ಟ್ ತಾನೇ ಪರದೆ ತುಂಬ ಪಟ್ಟಿ ತೆರೆದು ಯಾವ ಸರ್ವಿಸುಗಳನ್ನು ರೀಸ್ಟಾರ್ಟ್ ಮಾಡಲಿ ಎಂದು ಕೇಳುತ್ತದೆ. ಅದನ್ನು ಓದದೆ ಟ್ಯಾಬ್ ಒತ್ತಿ ಕ್ಯಾನ್ಸಲ್ ಮಾಡುವ ಬೆರಳುಗಳಿಗೆ ಏನು ಹೇಳುವುದು!

ಇನ್ನು ಮ್ಯಾನೇಜರುಗಳ ಮಾತು. ‘ಡೌನ್‌ಟೈಮ್ ಕೊಡಲಾಗುವುದಿಲ್ಲ’ ಎಂದು ಇಮೇಲ್ ಕಳಿಸಿ ಮನೆಗೆ ಹೋಗುವವರು ನೀವು. ಲೆಕ್ಕ ಹಾಕಿ. ಶೇಕಡಾ 99.9ರ ಭರವಸೆ ಕೊಟ್ಟಿದ್ದರೆ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ಕೆಳಗಿರಲು ಕರಾರೇ ಅನುಮತಿ ಕೊಡುತ್ತದೆ. ತಿಂಗಳಿಗೊಮ್ಮೆ ಹತ್ತು ನಿಮಿಷದ ರೀಬೂಟ್ ಎಂದರೆ ವರ್ಷಕ್ಕೆ ಎರಡು ಗಂಟೆ. ಶೇಕಡಾ 99.99 ಹೇಳಿದ್ದರೆ ವರ್ಷಕ್ಕೆ 52 ನಿಮಿಷವಷ್ಟೇ ಸಿಗುತ್ತದೆ. ಹಾಗಾದರೆ ಒಂದೇ ಯಂತ್ರದ ಮೇಲೆ ಆ ಭರವಸೆ ಕೊಟ್ಟದ್ದೇ ತಪ್ಪು. ಎರಡು ಯಂತ್ರ ಇಡಿ, ಒಂದು ಏಳುವ ತನಕ ಇನ್ನೊಂದು ನಡೆಸಲಿ. ಎರಡನೆಯ ಯಂತ್ರಕ್ಕೆ ದುಡ್ಡಿಲ್ಲ, ರೀಬೂಟಿಗೆ ಹೊತ್ತಿಲ್ಲ, ಆದರೆ ಸುರಕ್ಷತೆ ಬೇಕು ಎನ್ನುವುದು ಆಡಳಿತವಲ್ಲ. ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಹತ್ತು ನಿಮಿಷ ಇಲ್ಲದವರಿಗೆ ಆ ಆರು ಗಂಟೆ ಹೇಗೆ ಕಳೆಯುತ್ತದೆ ಎಂಬುದನ್ನು ಕಲ್ಪಿಸಿಕೊಳ್ಳಲಿ.

‘ಕ್ರೌಡ್‌ಸ್ಟ್ರೈಕ್ ಮರೆತಿರಾ?’ ಎಂದು ಈಗ ಯಾರಾದರೂ ಕೇಳಿಯೇ ಕೇಳುತ್ತಾರೆ. ಮರೆತಿಲ್ಲ. 2024ರ ಜುಲೈ 19ರಂದು ಆ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮೇಲೇಳದೆ ಕೂತವು. ಅದು ಕಲಿಸಿದ್ದು ಎಲ್ಲ ಯಂತ್ರಕ್ಕೂ ಒಂದೇ ಗಳಿಗೆಯಲ್ಲಿ ಕೈಹಚ್ಚಬೇಡಿ ಎಂಬುದನ್ನು. ಮೊದಲು ಟೆಸ್ಟ್ ಸರ್ವರ್, ಆಮೇಲೆ ಒಂದು, ಅದು ಎದ್ದು ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡು ಉಳಿದವು. ಹಿಂದಿನ ಕರ್ನೆಲ್ ಅನ್ನು ಗ್ರಬ್ ಮೆನುವಿನಲ್ಲಿ ಉಳಿಸಿಕೊಳ್ಳಿ, ಕನ್ಸೋಲಿಗೆ ದಾರಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ, ಬ್ಯಾಕಪ್ ಇದೆಯೇ ಎಂದಷ್ಟೇ ಅಲ್ಲ, ಅದರಿಂದ ಡೇಟಾ ವಾಪಸು ಬರುತ್ತದೆಯೇ ಎಂದು ಪರೀಕ್ಷಿಸಿ. ಎಚ್ಚರಿಕೆ ಎಂದರೆ ಇದು. ಏನೂ ಮಾಡದೆ ಕೂರುವುದಕ್ಕೆ ಎಚ್ಚರಿಕೆ ಎಂಬ ಹೆಸರಿಡಬೇಡಿ.

ಈ ಉದಾಸೀನದ ಬೆಲೆ ತೆರುವವರು ನೀವಲ್ಲ. ಪಹಣಿಗೋ ಪಿಂಚಣಿಗೋ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದು, ಕಿಟಕಿಯಾಚೆಯಿಂದ ‘ಸರ್ವರ್ ಡೌನ್, ಹೋಗಿ ಬನ್ನಿ’ ಎಂಬ ಮಾತು ಕೇಳಿ ಹಿಂದಿರುಗುವವರು ತೆರುತ್ತಾರೆ. ಯೋಜಿಸಿ ಮಾಡಿದ ಹತ್ತು ನಿಮಿಷ ರಾತ್ರಿ ಯಾರಿಗೂ ಗೊತ್ತಾಗದೆ ಮುಗಿಯುತ್ತದೆ. ಯೋಜಿಸದೆ ಬಂದದ್ದು ಮಟಮಟ ಮಧ್ಯಾಹ್ನ, ಸರತಿ ತುಂಬಿರುವಾಗಲೇ ಬರುತ್ತದೆ.

ಆದ್ದರಿಂದ ಇವತ್ತೇ ಪ್ರತಿ ಸರ್ವರಿಗೂ ಹೋಗಿ ‘ಯುನೇಮ್ -ಆರ್’ ಕೊಡಿ, ಡಿಸ್ಕಿನಲ್ಲಿರುವ ಕರ್ನೆಲ್ ಜೊತೆ ಹೋಲಿಸಿ. ರೀಬೂಟ್ ಬೇಡವೆಂದಾದರೆ ಯಾಕೆ ಬೇಡ ಎಂದು ಒಂದು ಸಾಲು ಬರೆಯಿರಿ. ಬೇಕೆಂದಾದರೆ ತಾರೀಖು, ಗಂಟೆ, ಮಾಡುವವರ ಹೆಸರು ಬರೆಯಿರಿ. ಅಲ್ಲಿಯ ತನಕ ಟಿಕೆಟ್ ಕ್ಲೋಸ್ ಮಾಡಬೇಡಿ. ತಾರೀಖಿಲ್ಲದ ‘ಆಮೇಲೆ’ ನಿರ್ಧಾರವಲ್ಲ, ಕರ್ತವ್ಯಲೋಪ.